ಪಾತ್ರಕ್ಕೆ ಮಾತು ಕಲಿಸುವ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರು ಹೊಸಬರಿಗೆ ಮಾತನ್ನೂ ಹಾಡನ್ನೂ ಬಾಯಿಪಾಠ ಮಾಡಿಸುವುದು ವಾಡಿಕೆ. ಕರಾವಳಿಯ ತಾಳಮದ್ದಲೆಯ ಹಾದಿ ಬೇರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿಯು ಕುಳಿತಲ್ಲಿಯೇ ತನ್ನ ಪಾತ್ರದ ಮಾತನ್ನು ತಾನೇ ಕಟ್ಟಬೇಕು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನಾಟವೂ ಇದನ್ನೇ ಹೋಲುವುದು: ಒಬ್ಬನು ಸನ್ನಿವೇಶವನ್ನು ಬಣ್ಣಿಸುವನು, ಉಳಿದವರು ತಂತಮ್ಮ ಪಾತ್ರಗಳಾಗಿ ನುಡಿಯುವರು, ದಾಳವು ಸೋಲುಗೆಲುವನ್ನು ನಿರ್ಣಯಿಸುವುದು.

ಇಂತಹ ಕೂಟಗಳಿಗೆ ಹೊಸಬರನ್ನು ಅಣಿಗೊಳಿಸುವಾಗ ನಿಯಮಗಳ ಹೊರೆಯನ್ನು ಮೊದಲೇ ಹೇರಬಾರದೆಂಬುದು ನನ್ನ ಅಭಿಮತ. ಪಾತ್ರದ ಪೂರ್ವಕಥೆ, ಅದರ ಆಸೆ, ಅದರ ಅಳುಕು, ಇಷ್ಟನ್ನು ತಿಳಿಸಿದರೆ ಮೊದಲ ದಿನಕ್ಕೆ ಸಾಕು. ಕೃಷ್ಣಸಂಧಾನವಾದರೆ ಹೊಸ ಹುಡುಗನಿಗೆ ಕೃಷ್ಣನ ಪಾತ್ರ ಬೇಡ. ಸುದ್ದಿ ತರುವ ದೂತನಾಗಲಿ. ನಾಲ್ಕೇ ಮಾತಾದರೂ ಅವು ಅವನವೇ ಆಗಿರಲಿ. ಎದುರಿನವನ ಮಾತನ್ನು ಪೂರ್ತಿ ಕೇಳಿ ಉತ್ತರಿಸುವುದೇ ಮೊದಲ ಪಾಠವಾಗಲಿ. ತಡವರಿಸಿದಾಗ ನುರಿತವರು ನಕ್ಕರೆ ಆ ಬಾಯಿ ಮತ್ತೆ ತೆರೆಯದು.

ಬಾಯಿಪಾಠದಿಂದ ಒಂದು ರಾತ್ರಿಯ ನಾಟಕ ನಡೆದೀತು. ನಾಳೆ ಸಭೆಯಲ್ಲಿ ಎದ್ದು ನಿಂತು ಸ್ವಂತ ಮಾತಾಡುವ ಧೈರ್ಯ ಬಾರದು. ವಾರಕ್ಕೊಂದು ಗಂಟೆಯನ್ನು ಈ ಅಭ್ಯಾಸಕ್ಕೆ ಮೀಸಲಿಡುವಂತೆ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ.