ಸಂಕವೂ ಸೇತುವೆಯೇ?

ಸಾರ್ವಜನಿಕರೇ ಕೂಡಿ ಬರೆಯುವ ನಕಾಶೆಯೊಂದು ಲೋಕದ ಎಲ್ಲೆಡೆ ಬಳಕೆಯಲ್ಲಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂದು ಅದರ ಹೆಸರು. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕಾಶೆಗೆ ಯಾರೂ ಗೆರೆ ಸೇರಿಸಬಹುದು, ಯಾರೂ ತಿದ್ದಬಹುದು. 2018ರ ಮಹಾನೆರೆಯ ವೇಳೆ ಕೇರಳದ ಸ್ವಯಂಸೇವಕರು ಇದನ್ನು ಚೆನ್ನಾಗಿ ಬಳಸಿಕೊಂಡರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ನಕಾಶೆ ತಯಾರಿಕೆಗಿದ್ದ ಪೂರ್ವಾನುಮತಿಯ ಕಟ್ಟಳೆಗಳನ್ನು ಸಡಿಲಿಸಿತು. ಆದುದರಿಂದ ಮಂಜೇಶ್ವರದಲ್ಲಾಗಲಿ ಬದಿಯಡ್ಕದಲ್ಲಾಗಲಿ, ಕೈಯಲ್ಲಿ ಫೋನಿರುವ ವಿದ್ಯಾರ್ಥಿ ತನ್ನ ಮನೆಯ ಮುಂದಿನ ಓಣಿಯನ್ನು ಜಗತ್ತಿನ ನಕಾಶೆಗೆ ಏರಿಸಲು ಇಂದು ಅಡ್ಡಿಯೇನಿಲ್ಲ.

ಅಡ್ಡಿಯಿರುವುದು ಬೇರೆ ಕಡೆ. ಗೆರೆ ಎಳೆದರೆ ಸಾಲದು. ಆ ಗೆರೆ ಏನು ಎಂದು ತಿಳಿಸುವ ಚೀಟಿಯೊಂದನ್ನು ಅಂಟಿಸಬೇಕು. ಅವರು ಅದನ್ನು ಟ್ಯಾಗ್ ಎನ್ನುತ್ತಾರೆ. ಯಾವ ಚೀಟಿ ಎಂಬುದಕ್ಕೆ ಮೇಲಿನಿಂದ ಇಳಿದುಬಂದ ಶಾಸನವಿಲ್ಲ. ಬರೆಯುವವರೇ ಚರ್ಚಿಸಿ ಒಪ್ಪಿಕೊಳ್ಳಬೇಕು. ಒಪ್ಪುವುದೆಂದರೆ ಎಷ್ಟು ಕಷ್ಟವೆಂಬುದನ್ನು ನಮ್ಮ ಯಾವ ಪಂಚಾಯತು ಸದಸ್ಯರನ್ನು ಕೇಳಿದರೂ ಹೇಳಿಯಾರು!

ನಡೆಯುವ ದಾರಿಗೆ ಮೊದಲು ಇದ್ದದ್ದು 'ಫುಟ್‌ವೇ' ಎಂಬ ಚೀಟಿ. ಪಾದಚಾರಿ, ಸೈಕಲು, ಕುದುರೆ ಎಲ್ಲಕ್ಕೂ ಸಲ್ಲುವ ದಾರಿಯನ್ನು ಏನೆನ್ನಬೇಕು ಎಂಬ ಪ್ರಶ್ನೆ ಎದ್ದು, 2008ರಲ್ಲಿ ಮತ ಹಾಕಿ 'ಪಾತ್' ಎಂಬ ಇನ್ನೊಂದನ್ನು ಅಂಗೀಕರಿಸಿದರು. ಗೊಂದಲ ಬಗೆಹರಿಯುವ ಬದಲು ಎರಡಾಯಿತು. ದಾರಿಯ ರೂಪವನ್ನು ನೋಡಿ ಚೀಟಿ ಅಂಟಿಸಬೇಕೆಂದು ಕೆಲವರು, ಅದರಲ್ಲಿ ಹೋಗಲು ಯಾರಿಗೆ ಹಕ್ಕಿದೆಯೆಂದು ನೋಡಬೇಕೆಂದು ಕೆಲವರು. ಒಂದೇ ಬಗೆಯ ಕಾಲುದಾರಿ ಒಂದು ದೇಶದಲ್ಲಿ ಫುಟ್‌ವೇ, ಇನ್ನೊಂದರಲ್ಲಿ ಪಾತ್. ವಾದ ಇಂದಿಗೂ ಪೂರ್ತಿ ತಣಿದಿಲ್ಲ.

ಇದು ಪರದೇಶದ ಪಂಡಿತರ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿಯೆಂಬುದು ಕಾಯಿದೆಯ ಮೂಲಕ ದಾಖಲಾದ ಹಕ್ಕು. ನಮ್ಮಲ್ಲಿ ಹಾಗಲ್ಲ. ಶಾಲೆಗೆ, ಭಜನಾಮಂದಿರಕ್ಕೆ, ಬಸ್ಸಿಗೆ ಹೋಗುವ ಎಷ್ಟೋ ದಾರಿಗಳು ಯಾರದೋ ಅಡಿಕೆ ತೋಟದ ಬದಿಯಲ್ಲಿ, ಅವರ ದಾಕ್ಷಿಣ್ಯದಿಂದ ಸಾಗುತ್ತವೆ. 1882ರ ಅನುಭೋಗಾಧಿಕಾರ ಕಾಯಿದೆಯಂತೆ ಇಪ್ಪತ್ತು ವರ್ಷ ಹಕ್ಕೆಂದೇ, ಬಹಿರಂಗವಾಗಿ, ತಡೆಯಿಲ್ಲದೆ ನಡೆದ ದಾರಿ ಹಕ್ಕಾಗಬಲ್ಲದು. ಧನಿಗಳ ಅನುಮತಿಯಿಂದ ನಡೆದದ್ದು ಹಾಗೆ ಹಕ್ಕಾಗದು. ಈ ಒಂದು ಮಾತಿನ ಮೇಲೆ ಎಷ್ಟು ಮನೆಗಳು ಕೋರ್ಟಿನ ಮೆಟ್ಟಲು ಹತ್ತಿಲ್ಲ! ಹೀಗಿರುವಾಗ ಉತ್ಸಾಹಿ ಹುಡುಗನೊಬ್ಬನು ತೋಟದ ನಡುವಿನ ದಾರಿಯನ್ನು ಎಲ್ಲರಿಗೂ ತೆರೆದದ್ದೆಂದು ಬರೆದರೆ, ತೋಟದವರು ಬೇಲಿ ಬಿಗಿ ಮಾಡಿಯಾರು. ದಾರಿಯನ್ನು ಬರೆಯದೆಯೇ ಬಿಟ್ಟರೆ, ರಾತ್ರಿ ಹೊತ್ತು ರೋಗಿಯನ್ನು ಹುಡುಕಿಕೊಂಡು ಬರುವವರಿಗೆ ಆ ಮನೆಯೇ ಇಲ್ಲದಂತಾಗುತ್ತದೆ. ಧನಿಗಳು ಒಪ್ಪಿರುವಷ್ಟು ಕಾಲ ತೆರೆದಿರುವ ದಾರಿಗೆ 'ಪರ್ಮಿಸಿವ್' ಎಂಬ ಚೀಟಿ ಈ ನಕಾಶೆಯಲ್ಲಿ ಮೊದಲಿನಿಂದಲೂ ಇದೆ. ನಮ್ಮ ತೋಟದ ದಾರಿಗಳಿಗೆ ಅದೇ ತಕ್ಕುದೆಂದು ನಮ್ಮ ಅಭಿಪ್ರಾಯ.

ಇನ್ನು ಸೇತುವೆ. ನಕಾಶೆಯಲ್ಲಿ 'ಬ್ರಿಡ್ಜ್' ಎಂದು ಬರೆದು 'ಹೌದು' ಎಂದರೆ ಚಂದ್ರಗಿರಿಯ ಕಾಂಕ್ರೀಟು ಸೇತುವೆಯೂ ಸರಿ, ತೋಡಿಗೆ ಅಡ್ಡ ಹಾಕಿದ ಎರಡು ಅಡಿಕೆಮರದ ಸಂಕವೂ ಸರಿ. ಬೇಸಗೆಯಲ್ಲಿ ಜನ ದಾಟುವ, ಆಟಿಯಲ್ಲಿ ನೀರಿನಡಿಯಾಗುವ ಕಟ್ಟವನ್ನು ಏನೆನ್ನುವುದು? ಹಲಗೆ ಹಾಕಿದ ಕಿಂಡಿ ಅಣೆಕಟ್ಟಿನ ಮೇಲೆ ನಡೆದು ಹೋಗುವವರಿಗೆ ಅದು ಅಣೆಕಟ್ಟೋ ಸೇತುವೆಯೋ? (ನಮ್ಮ ಗುಡ್ಡಗಳ ನೀರಿನ ಸುರಂಗವನ್ನೂ ಯಾರಾದರೂ ದಾರಿಯ ಸುರಂಗವೆಂದು ಬರೆದಾರು, ಬಸ್ಸು ನುಗ್ಗಿಸಲು ನೋಡಿಯಾರು ಎಂಬ ಭಯವೂ ನಮಗಿದೆ.) ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ್ದು ನಡೆದು ದಾಟುವ ತೂಗುಸೇತುವೆ. ಅದೇ ನೀರು ಕೆಳಗಿಳಿದು ನಮ್ಮ ಚಂದ್ರಗಿರಿಯಾಗುತ್ತದೆ. ಅಂಥ ತೂಗುಸೇತುವೆಯ ಮೇಲಿನ ಗೆರೆ ರಸ್ತೆಯೆಂದಾದರೆ ಯಂತ್ರವು ಜೀಪನ್ನು ಅತ್ತಲೇ ಕಳುಹಿಸುತ್ತದೆ, ಕಾಲುದಾರಿಯೆಂದಾದರೆ ಕಳುಹಿಸುವುದಿಲ್ಲ. ಯಂತ್ರಕ್ಕೆ ಕಣ್ಣಿಲ್ಲ, ಚೀಟಿಯೇ ಕಣ್ಣು.

ಇದರ ಬೆಲೆ ಏನೆಂಬುದನ್ನು ವಯನಾಡು ಕಂಡಿದೆ. 2024ರ ಜುಲೈ 30ರ ಭೂಕುಸಿತದಲ್ಲಿ ಚೂರಲ್‌ಮಲದಿಂದ ಮುಂಡಕ್ಕೈಗಿದ್ದ ಸೇತುವೆ ಕೊಚ್ಚಿಹೋಗಿ ಆಚೆ ದಡದವರು ಸಿಕ್ಕಿಬಿದ್ದರು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಆಗಸ್ಟ್ 1ರೊಳಗೆ 190 ಅಡಿಯ ಬೈಲಿ ಸೇತುವೆಯನ್ನು ನಿಲ್ಲಿಸಿದರು. ಅದರ ತ್ರಾಣ 24 ಟನ್ನು. ಆ ಮೂರು ದಿನಗಳಲ್ಲಿ ಬೇಕಾಗಿದ್ದ ಮಾಹಿತಿ ಸೇತುವೆ ಇದೆಯೋ ಇಲ್ಲವೋ ಎಂಬುದಷ್ಟೇ ಆಗಿರಲಿಲ್ಲ. ಎಷ್ಟು ಭಾರ ತಾಳುತ್ತದೆ, ಎಷ್ಟು ಅಗಲ ಎಂಬುದೂ ಬೇಕಾಗಿತ್ತು.

2021ರಲ್ಲಿ ಮಂಜೇಶ್ವರದ ಕಡೆಯ ಊರ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ ಹಬ್ಬಿದಾಗ ನಾವೆಲ್ಲ ಎಚ್ಚೆತ್ತೆವು. ಸರಕಾರವು ಅಂಥ ಆಲೋಚನೆಯೇ ಇಲ್ಲವೆಂದಿತು. ಹೆಸರಿನ ವಿಷಯದಲ್ಲಿ ಈ ನಕಾಶೆ ಉದಾರಿ: ಒಂದೇ ಊರಿಗೆ ಕನ್ನಡ, ಮಲೆಯಾಳ, ತುಳು ಹೆಸರುಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆದಿಡಬಹುದು, ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಹೆಸರಿಗಾಗಿ ಎದ್ದು ನಿಂತ ನಾವು ಸಂಕದ ಲೆಕ್ಕದಲ್ಲಿ ನಿದ್ರಿಸುತ್ತಿದ್ದೇವೆ ಎಂಬುದೇ ನಮ್ಮ ಆಕ್ಷೇಪ. ಊರಿನವರು ಬರೆಯದೆ ಹೋದರೆ ಉಪಗ್ರಹದ ಚಿತ್ರ ನೋಡಿ ಎಲ್ಲೋ ಕುಳಿತವರು ಬರೆಯುತ್ತಾರೆ. ತೋಟದ ಮರೆಯಲ್ಲಿರುವ ಸಂಕ ಉಪಗ್ರಹಕ್ಕೆ ಕಾಣುವುದಿಲ್ಲ.

ಶಾಲೆಗಳ ಅಧ್ಯಾಪಕರು, ಗ್ರಂಥಾಲಯಗಳ ಯುವಕರು ಒಂದು ದಿನ ಕೂಡಿ ಮೂರು ನಾಲ್ಕು ವಿಷಯಗಳನ್ನು ಇತ್ಯರ್ಥ ಮಾಡಲಿ. ಬೈಕು ಹೋಗುವ ಓಣಿಗೆ 'ಪಾತ್' ಎಂದು ಬರೆದು ಬೈಕಿಗೆ ಸಲ್ಲುತ್ತದೆಂಬ ಚೀಟಿಯನ್ನೂ ಸೇರಿಸುವುದು. ಪ್ರತಿ ಸಂಕದ ಅಗಲವನ್ನು ಅಳೆದು ಬರೆಯುವುದು. ಮಳೆಗಾಲದಲ್ಲಿ ಇಲ್ಲವಾಗುವುದಕ್ಕೆ ಹಾಗೆಂದೇ ಬರೆಯುವುದು. ಭಾರದ ಮಿತಿಯನ್ನು ಫಲಕವಿದ್ದಲ್ಲಿ ಮಾತ್ರ ಬರೆಯುವುದು, ಊಹೆಯಿಂದ ಅಲ್ಲ. ಇದರಲ್ಲಿ ಮಲೆಯಾಳಿ ನೆರೆಹೊರೆಯವರನ್ನೂ ಕೂಡಿಸಿಕೊಳ್ಳಬೇಕು, ಏಕೆಂದರೆ ತೋಡಿನ ಆಚೆ ದಡವನ್ನು ಬರೆಯುವವರು ಅವರೇ. ಆಚೆಯವರು ರಸ್ತೆಯೆಂದು, ಈಚೆಯವರು ಕಾಲುದಾರಿಯೆಂದು ಬರೆದರೆ ಸಂಕದ ನಡುವಿನಲ್ಲಿ ದಾರಿ ಕಡಿಯುತ್ತದೆ. ಅಳತೆಯ ಕೆಲಸಕ್ಕೆ ಮೇ ತಿಂಗಳ ರಜೆ ಒಳ್ಳೆಯದು; ಜೂನ್ ಬಂದರೆ ಅರ್ಧದಷ್ಟು ಸಂಕಗಳು ಅಳೆಯಲು ಸಿಕ್ಕಲಿಕ್ಕಿಲ್ಲ.