ಪೈಲಟ್ಟಿಗೂ ಮನಸ್ಸು ಐತೆ

ನಮ್ ವಡ್ಡು ಊರಿಗೆ ವಿದ್ಯಾನಗರದ ವಿಮಾನ ನಿಲ್ದಾಣ ಹತ್ರ. ವಿಮಾನ ಇಳಿಯೋದು ಕಂಡ್ರೆ ಹುಡುಗ್ರು ಮಾಳಿಗೆ ಹತ್ತಿ ಕೈ ಬೀಸ್ತಾವೆ. ಅದನ್ನ ನಡೆಸೋರಿಗೆ ಏನು ಕಮ್ಮಿ ಅಂತೀವಿ ನಾವು. ಆದ್ರೆ ಪೈಲಟ್ಟಿಗೂ ನಿದ್ದೆಗೆಡ್ತೈತೆ, ಮನ್ಯಾಗೆ ಸಾವು-ನೋವು ಆಗ್ತಾವೆ, ಮನಸ್ಸು ಕುಗ್ತೈತೆ. ಬಾಯಿಬಿಟ್ಟು ಹೇಳಂಗಿಲ್ಲ. ಡಾಕ್ಟ್ರು ಕಾಲಕಾಲಕ್ಕೆ ‘ಫಿಟ್’ ಅಂತ ಬರೆದ್ರೇನೇ ಅವ್ರಿಗೆ ಕೆಲಸ. ಹೇಳಿದ್ರೆ ಅನ್ನ ಹೋಗ್ತೈತೆ ಅನ್ನೋ ಅಂಜಿಕೆ.

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನ ಅದರ ಸಹ ಪೈಲಟ್ಟೇ ಫ್ರಾನ್ಸಿನ ಆಲ್ಪ್ಸ್ ಗುಡ್ಡಕ್ಕೆ ಬೇಕಂತ ಹೊಡೆಸಿದ. ಅವನೂ ಸೇರಿ 150 ಮಂದಿ ಹೋದ್ರು. ಕೆಲಸಕ್ಕೆ ಹೋಗಬ್ಯಾಡ ಅಂತ ಡಾಕ್ಟ್ರು ಕೊಟ್ಟ ಚೀಟಿನ ಅವ ಕಂಪನಿಗೆ ತೋರಿಸಿರಲಿಲ್ಲ. ಅವ ಮಾಡಿದ್ದು ಘೋರ. ಆದ್ರೆ ಮನಸ್ಸು ಕುಗ್ಗಿದೋರೆಲ್ಲ ಅಂಥೋರಲ್ಲ. ಎಲ್ಲಾರ್ನೂ ಕೆಲಸದಿಂದ ತೆಗೀರಿ ಅಂದ್ರೆ ಚೀಟಿ ಮುಚ್ಚಿಡೋರೇ ಜಾಸ್ತಿ ಆಗ್ತಾರೆ. ಹುಷಾರಿಲ್ಲದಾಗ ಹಾರಿಸೋದು ಬ್ಯಾಡ, ಖರೇ. ಅಷ್ಟು ದಿನ ಸಂಬಳ ಸಿಗಬೇಕು, ಗುಣ ಆದ್ಮೇಲೆ ಅದೇ ಕೆಲಸ ವಾಪಸ್ ಸಿಗಬೇಕು. 2023ರಾಗೆ ನಮ್ ದೇಶದ ಡಿಜಿಸಿಎನೋರು ಪೈಲಟ್ಟುಗಳ ಮನಸ್ಸಿನ ತಪಾಸಣೆ ಆಗ್ಬೇಕು, ಜತೆಗಾರ ಪೈಲಟ್ಟುಗಳೇ ಆಸರೆ ಆಗೋ ವ್ಯವಸ್ಥೆ ಇರ್ಬೇಕು ಅಂದ್ರು. ಒಳ್ಳೇದೇ. ಆದ್ರೆ ಹೇಳಿದೋರ ಕೆಲಸ ಉಳೀತೈತೆ ಅಂತ ಕಣ್ಣಾರೆ ಕಂಡ ಮ್ಯಾಲೇ ಉಳಿದೋರೂ ಬಾಯಿಬಿಡೋದು.

ಪೈಲಟ್ಟಿನ ಮಾತು ನಮಗ್ಯಾಕೆ ಅನ್ನಬ್ಯಾಡ್ರಿ. ಅದಿರಿನ ಲಾರಿ ಓಡಿಸೋರು, ಫ್ಯಾಕ್ಟರಿಯಾಗೆ ರಾತ್ರಿ ಪಾಳಿ ಮಾಡೋರು ನಮ್ ಮನ್ಯಾಗೇ ಅದಾರೆ. ಅವ್ರೂ ಹಿಂಗೇ ಮುಚ್ಚಿಡ್ತಾರೆ. ಸಕ್ಕರೆ ಕಾಯಿಲೆ ಗುಳಿಗೆ ಎಲ್ಲಾರ ಮುಂದೆ ನುಂಗ್ತೀವಿ, ಮನಸ್ಸಿನ ಗುಳಿಗೆ ಮಾತ್ರ ಅಕ್ಕಿ ಡಬ್ಬಿ ಹಿಂದೆ. ‘ಹುಚ್ಚು’ ಅಂದಾರು, ಹೆಣ್ಣು ಕೊಡಲಿಕ್ಕಿಲ್ಲ ಅಂತ.

ಇದು ಸೋಜಿಗ ನೋಡ್ರಿ: 1985ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್‌ನೋರು ನಮ್ ಬಳ್ಳಾರಿ ಜಿಲ್ಲೆಯಾಗೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರಿಗೆ ತರಬೇತಿ ಕೊಟ್ಟು, ಮನಸ್ಸಿನ ಔಷಧ ಹಳ್ಳಿಗೆ ತಂದ್ರು. ಆ ಬಳ್ಳಾರಿ ಮಾದರಿ ಇಟ್ಕೊಂಡೇ 1996ರಾಗೆ ಬ್ಯಾರೆ ಜಿಲ್ಲೆಗೂ ಕಾರ್ಯಕ್ರಮ ಶುರುವಾತು. ಔಷಧ ನಮ್ ಊರ ಬಾಗಿಲಿಗೆ ಮೊದಲು ಬಂತು, ನಾಚಿಕೆ ಇನ್ನೂ ಹೋಗಿಲ್ಲ.

ಸರ್ಕಾರದ ಟೆಲಿ ಮಾನಸ್ ಐತೆ, 14416ಕ್ಕೆ ಫೋನ್ ಹಚ್ಚಿದ್ರೆ ಕನ್ನಡದಾಗೇ ಮಾತಾಡ್ತಾರೆ, ರೊಕ್ಕ ಬ್ಯಾಡ. ಈ ನಂಬರ್ನ ಕ್ಯಾಲೆಂಡರ್ ಮ್ಯಾಲೆ ಬರೆದಿಡ್ರಿ. ಪಾಳಿ ಮುಗಿಸಿ ಬಂದೋರು “ನಿದ್ದೆ ಬರ್ತಿಲ್ಲ” ಅಂದ್ರೆ “ನಿಂಗೇನಾಗೈತೆ ಧಾಡಿ” ಅನ್ನಬ್ಯಾಡ್ರಿ ಅಕ್ಕೋರೆ. ಒಂದು ಲೋಟ ಚಾ ಕೊಟ್ಟು ಕೂತು ಕೇಳ್ರಿ.