ಸೀಟಿಗೆ ಟವೆಲ್ ಹಾಕಿ ಕೆಟ್ಟ ಕಂಡಕ್ಟರು!

ಈ ವಾರ ಸಿನಿಮಾ ಸುದ್ದಿ ಸ್ವಲ್ಪ ಕಮ್ಮಿ, ಬಸ್ಸಿನ ಸುದ್ದಿ ಜಾಸ್ತಿ. ಹೇಗೂ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಓದ್ತಾ ಇದ್ದೀರಿ. ನಿಮ್ಮ ಬಸ್ಸು ಬರೋದರೊಳಗೆ ಮುಗಿಸಿಬಿಡ್ತೀನಿ.

‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ಗೊತ್ತಲ್ಲ? 1978ರ ಚಿತ್ರ. ವಿಷ್ಣುವರ್ಧನ್ ರಾಜ, ದ್ವಾರಕೀಶ್ ಕುಳ್ಳ. ಕನ್ನಡದ ಯೂನಿಟ್ಟೊಂದು ಸಮುದ್ರ ದಾಟಿ ಹೋಗಿ ಶೂಟಿಂಗ್ ಮಾಡಿತು ಅಂದರೆ ಆಗ ಸಾಮಾನ್ಯದ ಮಾತಲ್ಲ. ವಿಷ್ಣು 2009ರಲ್ಲಿ ಹೋದರು. ಏಪ್ರಿಲ್ 2024ರಲ್ಲಿ ದ್ವಾರಕೀಶರೂ ಹೋದಾಗ ನಮ್ಮ ಗುಂಪಿನ ಕಂಡಕ್ಟರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬಂದು, “ಲೇ, ಒಂದ್ಸಲ ಸಿಂಗಾಪುರ ನೋಡಿಬರೋಣ ಕಣ್ರೋ” ಅಂದ.

ಕಂಡಕ್ಟರು ಅಂದರೆ ಅಡ್ಡಹೆಸರಲ್ಲ ಸ್ವಾಮಿ, ನಿಜವಾಗಿ ಬಸ್ ಕಂಡಕ್ಟರು! ಅವನ ಅಪ್ಪ ಆ ಚಿತ್ರ ನೋಡಿದ ದಿನ ಟಾಕೀಸಿನ ಬಾಗಿಲಲ್ಲಿ ಕೊಂಡ ಹಾಡಿನ ಪುಸ್ತಕ ಇವನ ಹತ್ತಿರ ಇನ್ನೂ ಇತ್ತು. ಅಪ್ಪ ಈಗಿಲ್ಲ. ಆ ಪುಸ್ತಕವನ್ನು ಸಿಂಗಾಪುರದಲ್ಲಿ ಹಿಡಿದು ಒಂದು ಫೋಟೋ ತೆಗೆಸಿಕೊಳ್ಳಬೇಕು. ಅಷ್ಟೇ ಅವನ ಆಸೆ. ಚೀಟಿ ದುಡ್ಡು ಎತ್ತಿ ನಾಲ್ವರು ಹೊರಟೆವು: ಕಂಡಕ್ಟರು, ಮೇಷ್ಟ್ರು, ತಿಂಡಿಪೋತ, ಮತ್ತು ನಾನು.

ಫಜೀತಿ ವಿಮಾನ ನಿಲ್ದಾಣದಲ್ಲೇ ಶುರು! ಚಾಂಗಿಯಲ್ಲಿ ಮೆಟ್ರೋ ರೈಲು ಹತ್ತಿದೆವು. ಎಕ್ಸ್‌ಪೋ ಆಯಿತು, ತಾನಾ ಮೇರಾ ಬಂತು, ಎಲ್ಲರೂ ಇಳಿದರು. “ಯಾರೂ ಇಳೀಬೇಡಿ, ಖಾಲಿ ಸೀಟು!” ಅಂದ ಕಂಡಕ್ಟರು. ಕಾಲು ಚಾಚಿ ಕೂತೆವು. ರೈಲು ಹೊರಟಿತು, ಮತ್ತೆ ಎಕ್ಸ್‌ಪೋ, ಮತ್ತೆ ಚಾಂಗಿ! ಹೊರಟಲ್ಲಿಗೇ ವಾಪಸ್. ಊರೊಳಗೆ ಹೋಗುವವರು ತಾನಾ ಮೇರಾದಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕಂತೆ.

ಎರಡನೇ ಸವಾರಿಯಲ್ಲಿ ತಿಂಡಿಪೋತ ಚಕ್ಕುಲಿ ಪೊಟ್ಟಣ ಬಿಚ್ಚಿದ. ಎದುರಿಗಿದ್ದ ಅಜ್ಜಿ ಮಾತಾಡದೆ ಮೇಲಿನ ಬೋರ್ಡು ತೋರಿಸಿದರು. ತಿಂದರೆ, ಕುಡಿದರೆ 500 ಡಾಲರ್ ದಂಡ! ನಮ್ಮ ಹಲಸಿಗೆ ದೂರದ ನೆಂಟನಂತಿರುವ ಡುರಿಯನ್ ಹಣ್ಣಿಗಂತೂ, ಅದರ ವಾಸನೆಗೆ ಹೆದರಿ, ರೈಲಿನೊಳಗೆ ಪ್ರವೇಶವೇ ಇಲ್ಲ. ಬಾಯಲ್ಲಿದ್ದ ಚಕ್ಕುಲಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಆರು ಸ್ಟೇಷನ್ ಕೂತಿದ್ದ ಪಾಪ. ಈ ಮೆಟ್ರೋ ಶುರುವಾದದ್ದು 1987ರಲ್ಲಿ. ರಾಜಾ ಕುಳ್ಳರು ಬಚಾವು!

ಸಿಟಿ ಬಸ್ಸಿನಲ್ಲಿ ಇನ್ನೊಂದು. ಕಂಡಕ್ಟರೇ ಇಲ್ಲದ ಬಸ್ಸು. ಡ್ರೈವರ್ ಪಕ್ಕದ ಡಬ್ಬಕ್ಕೆ ನಮ್ಮವನು ಹತ್ತು ಡಾಲರ್ ನೋಟು ಹಾಕಿ ಕೈಚಾಚಿ ನಿಂತ. ಚಿಲ್ಲರೆ ಕೊಡೋ ಪದ್ಧತಿಯೇ ಇಲ್ಲ ಅಲ್ಲಿ! “ಹೋಗ್ಲಿ, ಟಿಕೆಟ್ ಹಿಂದೆ ಬರೆದಾದ್ರೂ ಕೊಡಪ್ಪಾ” ಅಂತ ಅಚ್ಚಗನ್ನಡದಲ್ಲಿ ಕೇಳಿದ. ಇಷ್ಟು ವರ್ಷ ಎಷ್ಟು ಜನರ ಚಿಲ್ಲರೆ ಬರೆದುಕೊಟ್ಟಿದ್ದನೋ, ಅವತ್ತು ತೀರಿತು ಲೆಕ್ಕ.

ಇವೆಲ್ಲ ನಗುವ ಮಾತು. ನಗಲಾರದ್ದು ಇನ್ನು ಮುಂದಿದೆ.

“ಬಸ್ಸಿನಲ್ಲಿ ಕೂತು ಒಂದು ದೇಶ ದಾಟಬೇಕು” ಅಂದ ಕಂಡಕ್ಟರು. ಸಿಂಗಾಪುರಕ್ಕೂ ಮಲೇಷ್ಯಾದ ಜೊಹೊರ್ ಬಾರುವಿಗೂ ಮಧ್ಯೆ ಸಮುದ್ರದ ಮೇಲೆ 1924ರ ಸೇತುದಾರಿ ಇದೆ. ಉದ್ದ 1,056 ಮೀಟರ್, ಅಷ್ಟೇ. ಡಿಸೆಂಬರ್ 2023ರಿಂದ ಮಲೇಷ್ಯಾ ನಮ್ಮವರಿಗೆ ವೀಸಾ ಬೇಡ ಅಂದಿತ್ತು. ಕ್ವೀನ್ ಸ್ಟ್ರೀಟಿನಲ್ಲಿ 170ನೇ ನಂಬರಿನ ಬಸ್ಸು ಹತ್ತಿದೆವು.

ಗಡಿಯ ವುಡ್‌ಲ್ಯಾಂಡ್ಸ್‌ನಲ್ಲಿ ಎಲ್ಲರೂ ಇಳಿದು ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಕಂಡಕ್ಟರು ಇಳಿಯುವ ಮುಂಚೆ ಏನು ಮಾಡಿದ ಗೊತ್ತೇ? ಸೀಟಿನ ಮೇಲೆ ಚೀಲ ಇಟ್ಟು, ಅದರ ಮೇಲೆ ಟವೆಲ್ ಹಾಸಿ ಬಂದ! ಸೀಟು ಹಿಡಿಯೋದು ಅಂದರೆ ಹಾಗೇ ತಾನೇ ನಮ್ಮಲ್ಲಿ? ಆಚೆ ಬಂದು ನೋಡಿದರೆ ಬಸ್ಸಿಲ್ಲ. ಅಲ್ಲಿ ಬಸ್ಸು ಯಾರಿಗೂ ಕಾಯೋದಿಲ್ಲ. ಸಾಮಾನೆಲ್ಲ ಜೊತೆಗೊಯ್ದು, ಅದೇ ನಂಬರಿನ ಮುಂದಿನ ಬಸ್ಸು ಹತ್ತಬೇಕು. ಚೀಲದೊಳಗೆ ಅಪ್ಪನ ಹಾಡಿನ ಪುಸ್ತಕ!

ಮುಂದಿನ ಬಸ್ಸಿನಲ್ಲಿ ಸೇತುವೆ ದಾಟಿದೆವು. ಮಲೇಷ್ಯಾ ಕಡೆ ಮತ್ತೆ ಇಳಿ, ಮತ್ತೆ ಕ್ಯೂ. ನಾವು ಮೂವರು ಮುದ್ರೆ ಹಾಕಿಸಿಕೊಂಡು ಚೀಲ, ಚೀಲ ಅಂತ ಓಡಿದೆವು. ಹಿಂದೆ ಬರ್ತಾನೆ ಅಂದುಕೊಂಡು ಬಸ್ಸು ಹತ್ತೇಬಿಟ್ಟೆವು. ಕೊನೆಯ ನಿಲ್ದಾಣ ಲಾರ್ಕಿನ್. ಅಲ್ಲಿ ತಮಿಳು ಬಲ್ಲ ಡ್ರೈವರೊಬ್ಬರು ಸಿಕ್ಕರು. ನಾನು ತಮಿಳು ಚಿತ್ರ ನೋಡಿ ಕಲಿತ ತಮಿಳು ಬಿಟ್ಟೆ. ಪುಣ್ಯಾತ್ಮರು ಒಳಗೆ ಹೋಗಿ ಚೀಲ ತಂದೇಬಿಟ್ಟರು, ಟವೆಲ್ ಸಮೇತ! ಕುಣಿದಾಡಿದೆವು. ಆಗ ತಿಂಡಿಪೋತ ಕೇಳಿದ: “ಕಂಡಕ್ಟರು ಎಲ್ಲೋ?”

ಚೀಲ ಸಿಕ್ಕಿತ್ತು, ಮನುಷ್ಯ ಕಳೆದುಹೋಗಿದ್ದ.

ಅವನ ಫೋನಿಗೆ ಅಲ್ಲಿನ ಸಿಮ್ ಇರಲಿಲ್ಲ. ದುಡ್ಡೆಲ್ಲ ಮೇಷ್ಟ್ರ ಜೇಬಿನಲ್ಲಿ. ಭಾಷೆ ಬಾರದು. ವಾಪಸ್ ಬರುವ ದಾರಿಯುದ್ದಕ್ಕೂ ನಾವು ಮೂವರೂ ಮುಖ ನೋಡಿಕೊಳ್ಳಲಿಲ್ಲ. ಇಮಿಗ್ರೇಷನ್ ದಾಟಿ ಹೊರಬರುವ ಕಡೆ ಒಂದು ಕಂಬಕ್ಕೆ ಒರಗಿ ಕೂತಿದ್ದ. ಮೂರು ಗಂಟೆ! ಮಲೇಷ್ಯಾಕ್ಕೆ ಮೊದಲೇ ಇಂಟರ್‌ನೆಟ್ಟಿನಲ್ಲಿ ತುಂಬಬೇಕಾದ ಫಾರಂನಲ್ಲಿ ಅವನ ಪಾಸ್‌ಪೋರ್ಟಿನ ಒಂದು ಅಂಕಿ ತಪ್ಪಿತ್ತಂತೆ, ಅದಕ್ಕೇ ಹಿಡಿದು ನಿಲ್ಲಿಸಿದ್ದರು. ಆ ಫಾರಂ ತುಂಬಿದ್ದು ಯಾರು? ಈ ಅಂಕಣ ಬರೆಯುತ್ತಿರುವ ಮಹಾಶಯ!

“ಇಲ್ಲೇ ಯಾಕೆ ಕೂತೆ? ಯಾರನ್ನಾದ್ರೂ ಕೇಳಬಾರದಿತ್ತಾ?” ಅಂತ ನಾನೇ ರೇಗಿದೆ. ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ, ನೋಡಿ. ಅವನು ಮೆಲ್ಲಗೆ ಅಂದ: “ಬಸ್ ತಪ್ಪಿಸಿಕೊಂಡವರು ತಪ್ಪಿದ ಜಾಗ ಬಿಟ್ಟು ಕದಲಬಾರದು. ಎಷ್ಟು ಜನಕ್ಕೆ ಹೇಳಿದೀನಿ ನಾನು... ನನ್ನ ಬಸ್ಸಲ್ಲಿ ಹೋಟ್ಲು ಹತ್ರ ನಿಲ್ಲಿಸಿದ್ರೆ ತಲೆ ಎಣಿಸದೆ ರೈಟ್ ಹೇಳಿಲ್ಲ ಕಣೋ ಇದುವರೆಗೂ.”

ಚೀಲ ಕೊಟ್ಟೆವು. ಪುಸ್ತಕ ತೆಗೆದು ನೋಡಿ, ಮಡಿಚಿದ ಮೂಲೆ ಸರಿಮಾಡಿ, ಶರಟಿನೊಳಗೆ ಇಟ್ಟುಕೊಂಡ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸ್ನೇಹಿತರೇ, ನೀವೂ ನಾಳೆ ಗೆಳೆಯರ ಜೊತೆ ಪರದೇಶಕ್ಕೆ ಹೋಗ್ತೀರಿ. ಅಲ್ಲಿನ ಬಸ್ಸು ಕಾಯೋದಿಲ್ಲ. ಕಾಯಬೇಕಾದ್ದು ನಾವು. ಚೀಲ ಆಮೇಲೆ ಹುಡುಕಿ, ಮೊದಲು ತಲೆ ಎಣಿಸಿ.

ವಾಪಸ್ ಬಸ್ಸಿನಲ್ಲಿ ಕಂಡಕ್ಟರು ಕೊನೆಗೆ ಹತ್ತಿದ. ಕಿಕ್ಕಿರಿದ ಬಸ್ಸು, ಸೀಟೂ ಇಲ್ಲ, ಟವೆಲ್ಲೂ ಇಲ್ಲ. ಬೆರಳು ತೋರಿಸಿ ಎಣಿಸಿದ: ಒಂದು, ಎರಡು, ಮೂರು. ತನ್ನ ಎದೆ ಮುಟ್ಟಿಕೊಂಡು ನಾಲ್ಕು ಅಂದ. ಆಮೇಲೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದ:

“ರೈಟ್!”